ಹತ್ತನೇ ಕ್ಲಾಸಿನ ಆಚೆ: ಕಾಡಂಚಿನ ಮಕ್ಕಳ ಊಟ, ವಸತಿ, ಓದು

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದವರಿಗೆ ಹಂಗಳ ಅಂದರೆ ಒಂದು ತಿರುವು. ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ನೇರ ಹೋದರೆ ಮೇಲುಕಾಮನಹಳ್ಳಿಯ ಸಫಾರಿ ಕೌಂಟರ್, ಅದರಾಚೆ ಬಂಡೀಪುರ. ಮುಂಗಾರಿನಲ್ಲಿ ಚೆಂಡುಹೂವೂ ಸೂರ್ಯಕಾಂತಿಯೂ ಅರಳಿದಾಗ ಬದುವಿನ ಪಕ್ಕ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರ ಸಾಲು. ಸುತ್ತಲಿನ ಹಳ್ಳಿಯವರಿಗೆ ಮಾತ್ರ ಇದು ಹೋಬಳಿ ಊರು. ಪಹಣಿಗೆ, ಪಡಿತರಕ್ಕೆ, ಬಸ್ಸಿಗೆ, ಮಕ್ಕಳ ಶಾಲೆಗೆ ಎಲ್ಲಕ್ಕೂ ಇಲ್ಲಿಗೇ ಬರಬೇಕು.

ಈ ಉಪನ್ಯಾಸದ ವಿಷಯ ಆ ಮಕ್ಕಳು. ಅದರಲ್ಲೂ ಮನೆಯಲ್ಲಿದ್ದುಕೊಂಡು ಓದು ಮುಂದುವರಿಸಲು ಆಗದ ಮಕ್ಕಳು. ಅವರಿಗೆ ಊಟ, ಹಾಸಿಗೆ, ಪುಸ್ತಕ ಕೊಟ್ಟು ಓದಿಸುವ ಕೆಲಸವನ್ನು ಕರ್ನಾಟಕದಲ್ಲಿ ಯಾರು ಹೇಗೆ ಮಾಡಿದ್ದಾರೆ, ಆ ಕೆಲಸ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ಇಲ್ಲಿನ ವಿಚಾರ. ಮೊದಲೇ ಒಂದು ಮಾತು ಹೇಳಿಬಿಡಬಹುದು. ಚಿಕ್ಕ ಮಕ್ಕಳನ್ನು ಶಾಲೆಗೆ ಸೇರಿಸುವುದರಲ್ಲಿ ಈ ಸೀಮೆ ಬಹಳ ದೂರ ಬಂದಿದೆ. ಹದಿನೈದು ದಾಟಿದವರನ್ನು ಹಿಡಿದು ನಿಲ್ಲಿಸುವುದರಲ್ಲಿ ಸರ್ಕಾರವೂ ಸೋತಿದೆ, ಮಠಗಳೂ ಸೋತಿವೆ, ದಾನಿಗಳಂತೂ ಆ ಕಡೆ ತಲೆ ಹಾಕಿಯೂ ಮಲಗಿಲ್ಲ.

ಕಾಡಂಚಿನ ಮನೆಯೊಂದರ ವರ್ಷ ಹೇಗೆ ಸಾಗುತ್ತದೆ ನೋಡಬೇಕು. ಮಳೆಗಾಲದಲ್ಲಿ ಊರಿನ ಹೊಲಗಳಲ್ಲಿ ಕೂಲಿ ಇರುತ್ತದೆ: ಚೆಂಡುಹೂ ಬಿಡಿಸುವುದು, ಕಳೆ ತೆಗೆಯುವುದು, ಅರಿಶಿನ, ಈರುಳ್ಳಿ. ಸ್ವಂತಕ್ಕೆ ಎರಡು ಎಕರೆ ಇದ್ದವರು ರಾತ್ರಿ ಅಟ್ಟಣೆ ಹತ್ತಿ ಆನೆ, ಹಂದಿ ಕಾಯಬೇಕು. ಅಪ್ಪ ಕಾವಲಿಗೆ ಹೋದರೆ ಜತೆಗೆ ದೊಡ್ಡ ಮಗನೂ ಹೋಗುತ್ತಾನೆ. ಬೆಳಿಗ್ಗೆ ಶಾಲೆಯಲ್ಲಿ ಆ ಹುಡುಗ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಾನೆ, ಮೇಷ್ಟ್ರು ಬೈಯುತ್ತಾರೆ. ಸುಗ್ಗಿ ಮುಗಿಯುತ್ತಿದ್ದಂತೆ ಊರಲ್ಲಿ ಕೂಲಿ ನಿಂತುಹೋಗುತ್ತದೆ. ಆಗ ಮೇಸ್ತ್ರಿ ಮುಂಗಡ ಕೊಟ್ಟು ಜನ ಕರೆದುಕೊಂಡು ಹೋಗುತ್ತಾನೆ, ಕೊಡಗಿನ ಕಾಫಿ ತೋಟಕ್ಕೋ ವಯನಾಡಿನ ಶುಂಠಿ ಹೊಲಕ್ಕೋ. ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆ ಬರೆದು ಮುಖ್ಯ ಪರೀಕ್ಷೆಗೆ ಕೂರುವುದೂ ಅದೇ ಹೊತ್ತಿನಲ್ಲಿ. ಮನೆಗೆ ಬೀಗ ಹಾಕಿ ಎಲ್ಲರೂ ತೋಟದ ಲೈನ್‌ಮನೆ ಸೇರಿದ ಮೇಲೆ ಒಬ್ಬಳೇ ಹುಡುಗಿಯನ್ನು ಪರೀಕ್ಷೆಗೆಂದು ಯಾರ ಬಳಿ ಬಿಟ್ಟು ಹೋಗುವುದು? ಅಜ್ಜಿ ಇದ್ದರೆ ಬಚಾವ್. ಇಲ್ಲದಿದ್ದರೆ ಹುಡುಗಿಯೂ ಹೊರಡುತ್ತಾಳೆ. ಎರಡು ತಿಂಗಳ ಬಳಿಕ ಬಂದವಳನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ, "ಕಾಪಿ ಕುಯ್ಯಾಕ್ ಹೋಗಿದ್ವಿ ಸಾ" ಎನ್ನುತ್ತಾಳೆ. ಹಾಜರಾತಿ ಪುಸ್ತಕದಲ್ಲಿ ಅದಕ್ಕೆ 'ದೀರ್ಘ ಗೈರು' ಎಂದು ಹೆಸರು.

ಸರ್ವ ಶಿಕ್ಷಣ ಅಭಿಯಾನದವರು ವಲಸೆ ಹೋಗುವವರ ಮಕ್ಕಳಿಗೆಂದು ಋತುಮಾನದ ವಸತಿ ಕೇಂದ್ರಗಳನ್ನು ಮಾಡಿದ್ದು ಈ ಕಷ್ಟ ಕಂಡೇ. ಯೋಚನೆ ಸರಳ, ಖರ್ಚೂ ಕಡಿಮೆ. ಅಪ್ಪ ಅವ್ವ ಹೋದಷ್ಟು ತಿಂಗಳು ಮಕ್ಕಳು ಊರಿನ ಹತ್ತಿರವೇ ಒಂದು ಕಡೆ ಉಳಿದುಕೊಂಡು ತಮ್ಮ ಶಾಲೆಗೇ ಹೋಗುತ್ತಾರೆ. ವರ್ಷವಿಡೀ ನಡೆಯುವ ದೊಡ್ಡ ಹಾಸ್ಟೆಲ್ಲಿಗಿಂತ ಕೂಲಿಕಾರರ ಬದುಕಿಗೆ ಇದು ಹೆಚ್ಚು ಹೊಂದುತ್ತದೆ. ಇಂಥ ಯೋಚನೆಗೆ ಉದ್ಘಾಟನೆಯ ಕಲ್ಲು ನೆಡಿಸಲು ಜಾಗವಿರುವುದಿಲ್ಲ. ಹಾಗಾಗಿಯೋ ಏನೋ, ಇದು ಎಂದೂ ಯಾರ ಹೆಮ್ಮೆಯ ಯೋಜನೆಯೂ ಆಗಲಿಲ್ಲ.

ಕನ್ನಡ ನಾಡಿನಲ್ಲಿ ಬಡ ಹುಡುಗರ ಓದಿನ ಚರಿತ್ರೆ ಎಂದರೆ ಬಹುಮಟ್ಟಿಗೆ ಊಟದ ಚರಿತ್ರೆ. ಹಳೆಯ ಮೈಸೂರಿನಲ್ಲಿ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ಮನೆ ಹೊಂದಿಸಿಕೊಂಡವನು ಪುಣ್ಯವಂತ. ಐದೇ ಸಿಕ್ಕವನಿಗೆ ಎರಡು ದಿನ ನೀರೇ ಗತಿ. ಎಸ್.ಎಲ್. ಭೈರಪ್ಪನವರ 'ಭಿತ್ತಿ' ಓದಿದವರಿಗೆ ಆ ಹಸಿವು ಗೊತ್ತು. ಆದರೆ ವಾರಾನ್ನದ ಮನೆ ಬಾಗಿಲು ಎಲ್ಲ ಜಾತಿಯ ಹುಡುಗರಿಗೆ ತೆರೆಯುತ್ತಿರಲಿಲ್ಲ. ಹೊಲಗೇರಿಯ ಹುಡುಗನಿಗೆ ಯಾವ ವಾರ, ಯಾವ ಅನ್ನ? ಆ ಪ್ರಶ್ನೆಯ ಎದುರು ನಿಂತವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾವ್ ಮೊದಲಿಗರು. 1897ರಲ್ಲಿ ಅವರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ದಲಿತ ಮಕ್ಕಳಿಗೆ ಶಾಲೆ ತೆರೆಯಿತು, ವಸತಿ ಕೊಟ್ಟಿತು, ಅದಕ್ಕಾಗಿ ಅವರ ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ನಡೆಸಿದರು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಅದೇ ಕಾಲದಲ್ಲಿ ಲಿಂಗಾಯತರೂ ತಮ್ಮ ಹುಡುಗರ ಓದಿಗೆಂದು ನಿಧಿ ಕೂಡಿಸಿ, ಹಾಸ್ಟೆಲು ಕಟ್ಟಿದರು. ಇವನ್ನು ಜಾತಿ ಹಾಸ್ಟೆಲು ಎಂದು ಇಂದು ಮೂಗು ಮುರಿಯುವುದು ಸುಲಭ. ಹಳ್ಳಿಯಿಂದ ಬಂದ ರೈತನ ಮಗನಿಗೆ ಆಗ ಮೈಸೂರಿನಲ್ಲಿ ತಲೆಯ ಮೇಲೊಂದು ಸೂರು ಸಿಕ್ಕಿದ್ದು ಅಲ್ಲೇ.

1941 ಈ ಚರಿತ್ರೆಯಲ್ಲಿ ನೆನಪಿಡಬೇಕಾದ ವರ್ಷ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ಆರಂಭಿಸಿದ್ದು ಆ ವರ್ಷ. ಶಿವಕುಮಾರ ಸ್ವಾಮಿಗಳು ಸಿದ್ಧಗಂಗಾ ಮಠದ ಹೊಣೆ ಹೊತ್ತದ್ದೂ ಆ ವರ್ಷವೇ. ಸುತ್ತೂರಿನ ಹಾಸ್ಟೆಲ್ಲಿನಿಂದ ಮುಂದೆ 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಬೆಳೆಯಿತು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲ ಡಿಗ್ರಿ ಬಂದದ್ದು ಆ ಅನ್ನದಿಂದ. ಸಿದ್ಧಗಂಗೆಯಲ್ಲಿ ಸ್ವಾಮಿಗಳ ಕೊನೆಯ ದಿನಗಳ ಹೊತ್ತಿಗೆ ಊಟಕ್ಕೆ ಕೂರುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಸುಮಾರಿಗಿತ್ತು. ಗುಡ್ಡೆ ಹಾಕಿದ ಅನ್ನ, ಹಂಡೆಗಟ್ಟಲೆ ಸಾರು, ಸಾಲು ಸಾಲು ತಟ್ಟೆ. ಆ ದೃಶ್ಯ ನಾಡಿಗೆ ಎಷ್ಟು ಪರಿಚಿತವೆಂದರೆ, ಓದಿಗೆ ನೆರವು ಎಂದ ಕೂಡಲೇ ಕನ್ನಡಿಗರ ಕಣ್ಣಮುಂದೆ ಬರುವುದು ಅದೇ.

ಸರ್ಕಾರದ ಕೈ ಜೋರಾಗಿ ಬಂದದ್ದು 1970ರ ದಶಕದಲ್ಲಿ. ದೇವರಾಜ ಅರಸು ಮುಖ್ಯಮಂತ್ರಿ, ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ, 1975ರ ವರದಿ, ಅದರ ಬೆನ್ನಿಗೆ ಆ ವರ್ಗಗಳ ಹಾಸ್ಟೆಲುಗಳು. ಆ ದಿನಗಳಲ್ಲಿ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಗುಂಡ್ಲುಪೇಟೆಯ ಶಾಸಕಿ ಕೆ.ಎಸ್. ನಾಗರತ್ನಮ್ಮ ಎಂಬುದನ್ನು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ದಲಿತ ಹುಡುಗರಿಗೆ ಹಾಸ್ಟೆಲು ಕೊಟ್ಟದ್ದು ಬರೀ ಮುದ್ದೆ ಸಾರಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಒಂದು ಪಾತ್ರವೇ ಆಗಿದೆ. ಅಲ್ಲಿ ಓದು, ಜಗಳ, ಭಾಷಣ, ಅಂಬೇಡ್ಕರ್, ಕವಿತೆ ಎಲ್ಲವೂ ಒಂದೇ ಸೂರಿನ ಕೆಳಗೆ ಬೆಳೆದವು. ದಲಿತ ಚಳವಳಿಯ ಚರಿತ್ರೆ ಬರೆಯುವವರು ಹಾಸ್ಟೆಲುಗಳನ್ನು ಬಿಟ್ಟು ಬರೆಯಲಾರರು. ಅಧಿಕಾರಿಗಳು ಅವನ್ನು ಹಾಸಿಗೆಗಳ ಲೆಕ್ಕದಲ್ಲಿ ನೋಡಿದರು. ಹುಡುಗರಿಗೆ ಅದು ವಿಶ್ವವಿದ್ಯಾಲಯಕ್ಕೆ ಮೊದಲಿನ ವಿಶ್ವವಿದ್ಯಾಲಯ.

ಆದರೆ ಕಾಡಿನ ಮಕ್ಕಳು ಈ ಯಾವ ಹಾಸ್ಟೆಲ್ಲಿಗೂ ಸುಲಭವಾಗಿ ಬರಲಿಲ್ಲ.

ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲೇ ಮೈಸೂರು ಅರಸರ ಕಾಲದಲ್ಲಿ ವೇಣುಗೋಪಾಲ ವನ್ಯಧಾಮ ಆಯಿತು. 1973ರಲ್ಲಿ ಹುಲಿ ಯೋಜನೆ ಬಂದಾಗ ಬಂಡೀಪುರ ದೇಶದ ಮೊದಲ ಒಂಬತ್ತು ಹುಲಿ ಕಾಡುಗಳಲ್ಲಿ ಒಂದಾಯಿತು. ಅದೇ ಹೊತ್ತಿಗೆ ಕಬಿನಿ ಅಣೆಕಟ್ಟೆಯ ನೀರು ಹೆಗ್ಗಡದೇವನಕೋಟೆ ಕಡೆಯ ಕಾಡಿಗೆ ನುಗ್ಗಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟವೂ ವನ್ಯಧಾಮವಾಯಿತು. ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು, ಯರವರು ಕಾಡೊಳಗಿನ ಹಾಡಿ, ಪೋಡುಗಳಿಂದ ಎದ್ದು ರಸ್ತೆ ಬದಿಯ ಕಾಲೊನಿಗಳಿಗೆ ಬಂದರು. ಬೇಟೆ ಇಲ್ಲ, ಕುಮರಿ ಬೇಸಾಯ ಇಲ್ಲ. ಕೂಲಿ ಮಾಡಿ ಗೊತ್ತಿಲ್ಲ. ಇಂಥವರ ಮಗನಿಗೆ ಪಟ್ಟಣದ ಹಾಸ್ಟೆಲ್ಲಿನಲ್ಲಿ ಸೀಟು ಖಾಲಿಯಿದೆ ಎಂದರೆ ಏನು ಪ್ರಯೋಜನ? ಬಂದ ಹುಡುಗ ಮೂರನೇ ದಿನ ರಾತ್ರಿ ಗೋಡೆ ಹಾರಿ ನಡೆದೇ ಮನೆ ಸೇರುತ್ತಿದ್ದ. ಸರ್ಕಾರದ ಆಶ್ರಮ ಶಾಲೆಗಳು ತೆರೆದವು. ಎಷ್ಟೋ ಕಡೆ ಹೊರಗಿನಿಂದ ಬಂದ ಮೇಷ್ಟ್ರಿಗೆ ಮಕ್ಕಳ ಮಾತು ತಿಳಿಯದು, ಮಕ್ಕಳಿಗೆ ಮೇಷ್ಟ್ರ ಮಾತು ತಿಳಿಯದು.

ಇದನ್ನು ತಿರುಗಿಸಿ ಹಾಕಿದವರು ಇಬ್ಬರು ವೈದ್ಯರು. ಇಬ್ಬರೂ ಔಷಧಿ ಕೊಡಲೆಂದು ಕಾಡಿಗೆ ಬಂದು ಶಾಲೆ ಕಟ್ಟಿದವರು, ಅದೇ ಸ್ವಾರಸ್ಯ.

ಎಚ್. ಸುದರ್ಶನ್ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಬಿಳಿಗಿರಿರಂಗನ ಬೆಟ್ಟಕ್ಕೆ ಬಂದಾಗ ಸೋಲಿಗರು ಅವರನ್ನು ಕಂಡು ಮರೆಯಾಗುತ್ತಿದ್ದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ಚಿಕಿತ್ಸೆ ಕೊಡುತ್ತ ಹೋದಂತೆ ಅವರಿಗೆ ಒಂದು ವಿಷಯ ಗೊತ್ತಾಯಿತು. ಕಾಯಿಲೆಯ ಬೇರು ಹಸಿವಿನಲ್ಲಿದೆ, ಹಸಿವಿನ ಬೇರು ಭೂಮಿ ಇಲ್ಲದಿರುವುದರಲ್ಲಿ, ಸಾಹುಕಾರನ ಸಾಲದ ಲೆಕ್ಕ ಓದಲು ಬಾರದಿರುವುದರಲ್ಲಿ. ಹೀಗೆ ಶಾಲೆ ಬಂತು, ಶಾಲೆಯ ಜತೆ ವಸತಿ ಬಂತು, ಕೈಕಸುಬಿನ ತರಬೇತಿ ಬಂತು. ಶಾಲೆ ಇರುವುದು ಬೆಟ್ಟದ ಮೇಲೆಯೇ, ಪೋಡುಗಳ ನಡುವೆ. ಮಕ್ಕಳ ಅಪ್ಪಂದಿರು ಜೇನು, ನೆಲ್ಲಿಕಾಯಿ, ಪಾಚಿ ಹೊತ್ತು ಸೊಸೈಟಿಗೆ ಹೋಗುವ ದಾರಿಯಲ್ಲೇ ಮಕ್ಕಳನ್ನು ಕಂಡು ಹೋಗಬಹುದು. ಸೋಲಿಗರ ಗೊರುಕನ ಕುಣಿತವನ್ನು ಶಾಲೆಯವರು ಹೊರಗಿಡಲಿಲ್ಲ. ಈ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು.

ಪ್ರಶಸ್ತಿಗಿಂತ ತೂಕದ ಫಲ ಬೇರೆ ಇದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಹಿಂದಿನ ತಲೆಮಾರಾಗಿದ್ದರೆ ಇನ್ನೊಮ್ಮೆ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಈ ಸಲ ಓದಿದ ಸೋಲಿಗರಿದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಕೈಯಲ್ಲಿ ಹಿಡಿದು, ಪೋಡು ಪೋಡಿಗೆ ಹೋಗಿ ಗ್ರಾಮಸಭೆ ಕೂಡಿಸಿ, ನಕ್ಷೆ ಬರೆಸಿ, ಅರ್ಜಿ ತುಂಬಿದರು. 2011ರಲ್ಲೇ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಓಡಾಟದ ಮುಂದಾಳುಗಳಲ್ಲಿ ಒಬ್ಬರಾದ ಸಿ. ಮಾದೇಗೌಡರು ಸ್ವತಃ ಸೋಲಿಗರು, ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರು. ಸರ್ಕಾರಿ ಕಡತವನ್ನು ಅದರದೇ ಭಾಷೆಯಲ್ಲಿ ಎದುರಿಸಬಲ್ಲ, ಸಂಜೆ ಪೋಡಿಗೆ ಮರಳಿ ಹಿರಿಯರ ಪಕ್ಕ ಕೂತು ಅವರ ಮಾತಿನಲ್ಲೇ ಅದನ್ನು ಬಿಡಿಸಿ ಹೇಳಬಲ್ಲ ಒಂದು ತಲೆಮಾರು ಬಂದಿತ್ತು. ಓದಿಸುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ಎರಡನೆಯವರು ಆರ್. ಬಾಲಸುಬ್ರಹ್ಮಣ್ಯಂ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಗೆಳೆಯರನ್ನು ಕೂಡಿಕೊಂಡು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಬಂಡೀಪುರದ ಇನ್ನೊಂದು ಮಗ್ಗುಲಲ್ಲಿ, ಹೆಗ್ಗಡದೇವನಕೋಟೆ ಸೀಮೆಯಲ್ಲಿ, ಕಬಿನಿಯಿಂದಲೂ ಹುಲಿ ಯೋಜನೆಯಿಂದಲೂ ಎದ್ದು ಬಂದವರ ಹಾಡಿಗಳ ನಡುವೆ 1988ರಲ್ಲಿ ಶಾಲೆ ಶುರುವಾಯಿತು. ಮೊದಲ ಪಾಠ ನಡೆದದ್ದು ದನದ ಕೊಟ್ಟಿಗೆಯಲ್ಲಿ. ಮುಂದೆ ಅದೇ ಹೊಸಹಳ್ಳಿಯ ಗಿರಿಜನ ಶಾಲೆಯಾಗಿ ಬೆಳೆಯಿತು. ಆ ತಾಲ್ಲೂಕಿನ ಮಣ್ಣಿನಲ್ಲಿ ಏನೋ ಇರಬೇಕು; ಈಗ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ನಡೆಯುವ ನಲಿ-ಕಲಿ ಪದ್ಧತಿ 1995ರಲ್ಲಿ ಮೊಳೆತದ್ದೂ ಹೆಗ್ಗಡದೇವನಕೋಟೆಯಲ್ಲೇ.

ಚಾಮರಾಜನಗರದ ದೀನಬಂಧು ಸಂಸ್ಥೆಯ ಕಥೆ ಇವೆರಡಕ್ಕಿಂತ ಬೇರೆ ಜಾಡಿನದು. ಅಧ್ಯಾಪಕರಾಗಿದ್ದ ಜಿ.ಎಸ್. ಜಯದೇವ, ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮಗ, 1992ರಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಮನೆ ಮಾಡಿದರು. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆ ಆದದ್ದು 1997ರಲ್ಲಿ. ಮಕ್ಕಳ ಮನೆಯಾಗಿ ಶುರುವಾದದ್ದು ಆಮೇಲೆ ಶಾಲೆಯೂ ಆಯಿತು, ಸುತ್ತಲಿನ ಶಿಕ್ಷಕರ ಜತೆಗಿನ ಕೆಲಸವೂ ಆಯಿತು. ನಮ್ಮ ಮಕ್ಕಳ ಮನೆಗಳು ಸಾಮಾನ್ಯವಾಗಿ ಕಾಂಪೌಂಡಿನ ಒಳಗೇ ತಿರುಗುತ್ತಿರುತ್ತವೆ. ಒಳಗಿನ ಐವತ್ತು ಮಕ್ಕಳಷ್ಟೇ ಹೊರಗಿನ ಸರ್ಕಾರಿ ಶಾಲೆಯ ಮಕ್ಕಳೂ ತಮ್ಮವರೇ ಎಂದುಕೊಂಡ ಸಂಸ್ಥೆಗಳು ಕಡಿಮೆ.

ಇಲ್ಲಿ ಒಂದು ಕಹಿ ಮಾತೂ ಬರಬೇಕು. ವಸತಿ ಶಾಲೆ ಎಂದ ಮಾತ್ರಕ್ಕೆ ಪುಣ್ಯದ ಕೆಲಸ ಆಗುವುದಿಲ್ಲ. ಕೆನಡಾದಲ್ಲಿ ಸರ್ಕಾರವೂ ಚರ್ಚುಗಳೂ ಸೇರಿ ನೂರು ವರ್ಷಕ್ಕೂ ಮಿಕ್ಕಿ ಆದಿವಾಸಿ ಮಕ್ಕಳ ವಸತಿ ಶಾಲೆ ನಡೆಸಿದವು. ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ, ಅವರ ಜಡೆ ಕತ್ತರಿಸಿ, ಅವರ ಭಾಷೆ ಆಡಿದರೆ ಹೊಡೆದು ಬೆಳೆಸಿದರು. ಸಾವಿರಾರು ಮಕ್ಕಳು ಸತ್ತರು. 2008ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಸತ್ಯಶೋಧನಾ ಆಯೋಗ ಅದನ್ನು ಸಾಂಸ್ಕೃತಿಕ ನರಮೇಧ ಎಂದು ಕರೆಯಿತು. ಆ ಶಾಲೆಗಳನ್ನು ಕಟ್ಟಿದವರಲ್ಲೂ ತಾವು ಉಪಕಾರ ಮಾಡುತ್ತಿದ್ದೇವೆ ಎಂದು ನಂಬಿದವರು ಬೇಕಾದಷ್ಟು ಜನ ಇದ್ದರು. ನಮ್ಮಲ್ಲಿ ಅಷ್ಟು ಕ್ರೌರ್ಯ ನಡೆದಿಲ್ಲ, ನಿಜ. ಆದರೆ ದೂರದ ನಗರಗಳ ಭಾರೀ ವಸತಿ ಶಾಲೆಗಳಿಗೆ ಹಾಡಿಯ ಐದಾರು ವರ್ಷದ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗುವ ಉತ್ಸಾಹ ಕಂಡಾಗ ಕೆನಡಾ ನೆನಪಾಗಬೇಕು. ವರ್ಷಕ್ಕೊಮ್ಮೆ ಮನೆಗೆ ಬರುವ ಮಗು ಎಂಟು ವರ್ಷದಲ್ಲಿ ಅವ್ವನ ಜತೆ ಯಾವ ಮಾತಾಡೀತು?

ಆದ್ದರಿಂದ ಒಂದು ವಸತಿ ಶಾಲೆ ಹೇಗಿದೆ ಎಂದು ನೋಡಲು ಹೋದವರು ಕಂಪ್ಯೂಟರ್ ಕೋಣೆ ನೋಡುವ ಮೊದಲು ಕೆಲವು ಸಣ್ಣ ವಿಷಯ ಕೇಳಬೇಕು. ಅಪ್ಪ ಅವ್ವ ಬಂದರೆ ಎಲ್ಲಿ ಕೂರಿಸುತ್ತಾರೆ, ಗೇಟಿನ ಹೊರಗೋ ಊಟದ ಮನೆಯಲ್ಲೋ? ಸೋಲಿಗರ ರೊಟ್ಟಿ ಹಬ್ಬಕ್ಕೆ ರಜೆ ಕೊಡುತ್ತಾರೋ, ಇಲ್ಲ 'ಓಡಿಹೋದ' ಎಂದು ಬರೆಯುತ್ತಾರೋ? ಅಡುಗೆಯವರು ಯಾವ ಊರಿನವರು? ಮಕ್ಕಳ ಕೈ ನೋಡಬೇಕು, ಬೆರಳ ಸಂದಿ ನೋಡಬೇಕು. ಯಾವ ವಾರ್ಡನ್ನನ್ನು ಕೇಳಿದರೂ ಹೇಳುತ್ತಾರೆ, ಹಾಸ್ಟೆಲ್ಲಿನ ದೊಡ್ಡ ಶತ್ರು ಕಜ್ಜಿ. ಒಬ್ಬ ಹುಡುಗನಿಗೆ ಬಂದರೆ ವಾರದಲ್ಲಿ ಇಡೀ ಕೋಣೆಗೆ ಹರಡುತ್ತದೆ. ಒಬ್ಬನಿಗೆ ಮುಲಾಮು ಹಚ್ಚಿದರೆ ಏನೂ ಆಗದು. ಎಲ್ಲರಿಗೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಬೇಕು, ಬಟ್ಟೆ, ಹೊದಿಕೆ ಎಲ್ಲವನ್ನೂ ಬಿಸಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಅದಕ್ಕೆ ಬಿಸಿನೀರು ಬೇಕು, ಎರಡನೇ ಜೊತೆ ಹೊದಿಕೆ ಬೇಕು, ಒಗೆಯುವ ಕಲ್ಲು ಬೇಕು. ಮಕ್ಕಳ ಬೆರಳ ಸಂದಿ ಚೊಕ್ಕಟವಾಗಿದ್ದರೆ ಆ ಸಂಸ್ಥೆಯಲ್ಲಿ ನೀರಿದೆ, ದುಡ್ಡು ಸರಿಯಾದ ಕಡೆ ಖರ್ಚಾಗುತ್ತಿದೆ, ಯಾರೋ ಒಬ್ಬರು ಮಕ್ಕಳನ್ನು ದಿನಾ ಮುಟ್ಟಿ ನೋಡುತ್ತಿದ್ದಾರೆ ಎಂದು ತಿಳಿಯಬಹುದು. ವಾರ್ಷಿಕ ವರದಿ ಇಷ್ಟು ಹೇಳುವುದಿಲ್ಲ.

ದಾನಿಗಳ ಬಗ್ಗೆ ಎರಡು ಮಾತು. ಹುಟ್ಟುಹಬ್ಬಕ್ಕೆ ಮಕ್ಕಳ ಮನೆಗೆ ಹೋಗಿ ಊಟ ಹಾಕಿಸುವ ರೂಢಿ ಈಗ ಎಲ್ಲ ಕಡೆ ಬಂದಿದೆ. ಕೇಕು, ಬಲೂನು, ಫೋಟೊ; ಮಕ್ಕಳು ಸಾಲಾಗಿ ನಿಂತು ಗುರುತಿಲ್ಲದವರಿಗೆ ಹ್ಯಾಪಿ ಬರ್ತ್‌ಡೇ ಹಾಡಬೇಕು. ಒಂದೇ ಭಾನುವಾರ ಮೂರು ಹುಟ್ಟುಹಬ್ಬ ಬಿದ್ದರೆ ಮೂರು ಸಲ ಪಾಯಸ, ಮಂಗಳವಾರಕ್ಕೆ ತರಕಾರಿ ಇಲ್ಲ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಮಗು ಚಿಕ್ಕದಿದ್ದಷ್ಟೂ ಮುದ್ದು, ಮುದ್ದಾದಷ್ಟೂ ದಾನ. ಹತ್ತೊಂಬತ್ತರ ಹುಡುಗ, ಮೀಸೆ ಬಂದವನು, ಸ್ವಲ್ಪ ಸಿಡುಕ, ಐಟಿಐ ಎರಡನೇ ವರ್ಷದಲ್ಲಿ ಓದುವವನು, ಅವನ ಮೆಸ್ ಬಿಲ್ಲು ಕಟ್ಟುತ್ತೇನೆ ಎಂದು ಕೇಕು ಹಿಡಿದು ಬಂದವರನ್ನು ಯಾರೂ ಕಂಡಿಲ್ಲ.

ಕಾನೂನು ಕೂಡ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಕೈ ಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರೆಗೆ, ಅಂದರೆ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. ಹದಿನಾಲ್ಕು ದಾಟಿದವರು ಅಪಾಯಕಾರಿ ಅಲ್ಲದ ಕೆಲಸಕ್ಕೆ ಹೋಗಬಹುದು ಎನ್ನುತ್ತದೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ. ಮಕ್ಕಳ ಮನೆಗಳೆಲ್ಲ 2015ರ ಬಾಲನ್ಯಾಯ ಕಾಯ್ದೆಯ ಕೆಳಗೆ ನೋಂದಣಿ ಆಗಬೇಕು, ಮಗುವನ್ನು ಇಟ್ಟುಕೊಳ್ಳಲು ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಹೇಳುವವರು ಕೇಳುವವರು ಇಲ್ಲದೆ ಮಕ್ಕಳನ್ನು ಕೂಡಿಹಾಕುತ್ತಿದ್ದ ಎಷ್ಟೋ ಕಡೆ ಇದರಿಂದ ಬೀಗ ಬಿದ್ದದ್ದು ಒಳ್ಳೆಯದೇ ಆಯಿತು. ಆದರೆ ಹದಿನೆಂಟು ತುಂಬಿದ ದಿನ ಆ ಮನೆಯಿಂದ ಹೊರಡಬೇಕು. ಹದಿನೆಂಟರಿಂದ ಇಪ್ಪತ್ತೊಂದರವರೆಗೆ 'ಅನುಪಾಲನೆ' ಕೊಡಬಹುದು ಎಂದು ಅದೇ ಕಾಯ್ದೆಯಲ್ಲಿದೆ. ಕೊಡಲೇಬೇಕು ಎಂದಿಲ್ಲ. ಉಳ್ಳವರ ಮನೆಯ ಹುಡುಗ ಹದಿನೆಂಟಕ್ಕೆ ಬೈಕು ಕೇಳುತ್ತಾನೆ. ದಿಕ್ಕಿಲ್ಲದವನಿಗೆ ಅದೇ ಹುಟ್ಟುಹಬ್ಬಕ್ಕೆ ಟ್ರಂಕು ಎತ್ತಿಕೋ ಎನ್ನುತ್ತೇವೆ.

ಮನೆಮಠ ಇರುವ ಮಕ್ಕಳ ದಾರಿಯೂ ಹತ್ತನೇ ಕ್ಲಾಸಿನ ಬಾಗಿಲಲ್ಲೇ ಮುಚ್ಚಿಕೊಳ್ಳುತ್ತದೆ. ಹೈಸ್ಕೂಲು ಹತ್ತಿರದಲ್ಲಿತ್ತು, ಬಿಸಿಯೂಟವಿತ್ತು. ಪಿಯುಸಿಗೆ ಅದೂ ಇಲ್ಲ. ಗುಂಡ್ಲುಪೇಟೆಗೆ ಬೆಳಗಿನ ಬಸ್ಸು ಹಿಡಿಯಬೇಕು, ಕಾಡಂಚಿನ ಊರಿಗೆ ಸಂಜೆ ಬಸ್ಸು ತಪ್ಪಿದರೆ ಆನೆ ಓಡಾಡುವ ಹೊತ್ತಿನಲ್ಲಿ ನಡೆಯಬೇಕು. ಮಗಳಾದರೆ ಅಪ್ಪ ಒಂದು ತಿಂಗಳು ನೋಡುತ್ತಾನೆ, ಎರಡನೇ ತಿಂಗಳು ಸೋದರಮಾವನ ಮಗನ ಮಾತು ಎತ್ತುತ್ತಾನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ಇದ್ದಾಗ ಚಾಮರಾಜನಗರ ಜಿಲ್ಲೆಯದು ಶೇ. 61ರ ಆಸುಪಾಸಿನಲ್ಲಿತ್ತು. ಆ ಅಂತರದ ಒಂದು ಪಾಲು ಇಂಥ ಬಸ್‌ಸ್ಟಾಪುಗಳಲ್ಲಿ ಬಿದ್ದುಹೋದದ್ದು.

ದುಡ್ಡಿನ ಯೋಜನೆಗಳು ಇಲ್ಲವೆಂದಲ್ಲ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಹತ್ತು ತಿಂಗಳು ಹಣ ಕೊಡುವ (ಶುರುವಿನಲ್ಲಿ ತಿಂಗಳಿಗೆ 1,500 ರೂಪಾಯಿ) 'ವಿದ್ಯಾಸಿರಿ' 2013ರಲ್ಲಿ ಬಂತು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಪೋರ್ಟಲ್ ಇದೆ. ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು, ಆಧಾರಿಗೆ ಬ್ಯಾಂಕ್ ಖಾತೆ ಜೋಡಣೆ ಆಗಿರಬೇಕು, ಆಧಾರಿನ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ಒಂದೇ ಇರಬೇಕು. ಶಾಲೆಗೆ ಸೇರಿಸಿದ ಮೇಷ್ಟ್ರು 'ಮಾದಮ್ಮ' ಎಂದು ಬರೆದು, ಆಧಾರಿನವನು 'ಮಾದೇವಿ' ಎಂದು ಹೊಡೆದಿದ್ದರೆ ಆ ವರ್ಷದ ಹಣ ಹೋಯಿತು. ಸರಿಪಡಿಸಲು ಅಪ್ಪ ಮೂರು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿ ಸುತ್ತಬೇಕು.

ಬೆಟ್ಟಕುರುಬರ ಪಾಡು ಇದಕ್ಕೂ ಒಂದು ಕೈ ಮೇಲೆ. ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಕಡೆಯ ಈ ಜನ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ 'ಕಾಡುಕುರುಬ' ಎಂಬ ಹೆಸರಿನಲ್ಲಿದ್ದರು. ತಮ್ಮನ್ನು ತಾವು ಕರೆದುಕೊಳ್ಳುವುದು ಬೆಟ್ಟಕುರುಬ ಎಂದು. ಬೆಟ್ಟಕುರುಬ ಎಂದು ಅರ್ಜಿ ಬರೆದರೆ ಪಟ್ಟಿಯಲ್ಲಿ ಆ ಹೆಸರಿಲ್ಲ ಎಂದು ತಳ್ಳಿಹಾಕುವುದು ನಡೆಯುತ್ತಿತ್ತು. ಪ್ರಮಾಣಪತ್ರ ಇಲ್ಲದಿದ್ದರೆ ಹಾಸ್ಟೆಲ್ ಸೀಟು ಇಲ್ಲ, ವಿದ್ಯಾರ್ಥಿವೇತನ ಇಲ್ಲ, ಕಾಲೇಜಿನ ಮೀಸಲು ಸೀಟೂ ಇಲ್ಲ. 2022ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿ ಮಸೂದೆ ಒಪ್ಪಿ, 'ಬೆಟ್ಟಕುರುಬ' ಎಂಬುದು ಕಾಡುಕುರುಬಕ್ಕೆ ಪರ್ಯಾಯ ಹೆಸರೆಂದು ಪಟ್ಟಿಗೆ ಸೇರಿಸಿತು. ಸುಮಾರು 5,000 ಜನರ ಸಮುದಾಯ. ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ಆದ ಮೇಲೆ ಆ ಮಕ್ಕಳು ತಮ್ಮ ಜಾತಿಯ ಹೆಸರನ್ನು ತಮ್ಮ ಮಾತಿನಲ್ಲೇ ಅರ್ಜಿಯಲ್ಲಿ ಬರೆಯುವಂತಾಯಿತು. ಅಷ್ಟರೊಳಗೆ ಎಷ್ಟು ಜನ ಪಿಯುಸಿ ಬಾಗಿಲಿನಿಂದ ವಾಪಸಾದರೋ ಲೆಕ್ಕ ಇಟ್ಟವರಿಲ್ಲ.

ಹಂಗಳದ ಸುತ್ತ ಇನ್ನು ಮುಂದೆ ಕೆಲಸ ಮಾಡಬೇಕೆಂದಿರುವ ಟ್ರಸ್ಟುಗಳು ಇನ್ನೊಂದು ದೊಡ್ಡ ವಸತಿ ಶಾಲೆಯ ಕಟ್ಟಡ ಏಳಿಸುವ ಮೊದಲು ಇಲ್ಲಿ ನಿಂತು ಯೋಚಿಸಬೇಕು. ಐದನೇ ಕ್ಲಾಸಿನ ಮಕ್ಕಳಿಗೆ ಆಶ್ರಮ ಶಾಲೆ ಇದೆ. ಅದನ್ನು ಸರಿಯಾಗಿ ನಡೆಸಿ ಎಂದು ಬೆನ್ನು ಹತ್ತಿದರೆ ಸಾಕು. 1996ರಿಂದೀಚೆಗೆ ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದಿವೆ. ಸಾಲದಿರುವುದು ಹದಿನಾರರಿಂದ ಇಪ್ಪತ್ತೊಂದರ ನಡುವಿನವರಿಗೆ ಸೂರು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಬಾಡಿಗೆ ಮನೆ, ಹದಿನೈದು ಹುಡುಗಿಯರು, ಅವರ ಕಡೆಯ ಊರಿನವರೇ ಆದ ಒಬ್ಬ ನಡುವಯಸ್ಸಿನ ಹೆಂಗಸು, ಎರಡು ಹೊತ್ತಿನ ಊಟ, ಶನಿವಾರ ಸಂಜೆ ಮನೆಗೆ ಹೋಗಿ ಸೋಮವಾರ ಬೆಳಿಗ್ಗೆ ಬರಲು ಬಸ್ ಪಾಸು. ಕೊಡಗಿನ ಕೊಯ್ಲಿನ ಮೂರು ತಿಂಗಳು ಅದೇ ಮನೆಯಲ್ಲಿ ಹತ್ತನೇ ಕ್ಲಾಸಿನ ನಾಲ್ಕೈದು ಮಕ್ಕಳಿಗೆ ಹೆಚ್ಚುವರಿ ಚಾಪೆ. ಖರ್ಚಿನ ಪಟ್ಟಿ ಬರೆದರೆ ಸಾಧಾರಣ ಮದುವೆಯೊಂದರ ಚಪ್ಪರದ ಬಾಬ್ತನ್ನೂ ಮುಟ್ಟದ ತಿಂಗಳುಗಳಿರುತ್ತವೆ. ಕೈಯಲ್ಲಿ ಫೋನು ಹಿಡಿದು ಅರ್ಜಿ ತುಂಬಬಲ್ಲ ಒಬ್ಬ ಓದಿದ ಹುಡುಗನನ್ನು, ಸಾಧ್ಯವಾದರೆ ಹಾಡಿಯವನನ್ನೇ, ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಅವನ ಕೆಲಸ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮಾರನೇ ದಿನ ಶುರು: ಯಾರ ಪ್ರಮಾಣಪತ್ರ ಬಂದಿಲ್ಲ, ಯಾರ ಆಧಾರಿನಲ್ಲಿ ಹೆಸರು ತಪ್ಪಿದೆ, ಯಾರ ಖಾತೆ ನಿಂತಿದೆ ಎಂದು ಹಾಡಿ ಹಾಡಿಗೆ ಹೋಗಿ ಪಟ್ಟಿ ಮಾಡಿ, ಫಲಿತಾಂಶ ಬರುವುದರೊಳಗೆ ಎಲ್ಲವನ್ನೂ ತಾಲ್ಲೂಕು ಕಚೇರಿಯಿಂದ ಮಾಡಿಸಿಕೊಂಡು ಬರುವುದು. ಏಕೆಂದರೆ ಕಾಲೇಜಿನ ಅರ್ಜಿಗೆ ಕೊನೆಯ ದಿನ ಬರುವ ಹೊತ್ತಿಗೆ ಮೇಸ್ತ್ರಿಯೂ ಹಾಡಿಗೆ ಬಂದಿರುತ್ತಾನೆ, ಮುಂಗಡದ ಹಣ ಜೇಬಿನಲ್ಲಿಟ್ಟುಕೊಂಡು.